ಏನೂ ಅನಿಸಲಿಲ್ಲ ಎಂದೆಯಲ್ಲ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಸಂಬಳ, ಹಾಸ್ಟೆಲ್ಲಿನ ಊಟದ ವಿಚಾರವನ್ನೆಲ್ಲ ನಿನ್ನ ಅಪ್ಪ ಆಗಲೇ ಹೇಳಿದ್ದಾನೆ, ಅವು ಇರಲಿ. ಕೊನೆಯ ಪುಟದ ನಾಲ್ಕು ಸಾಲು ಎರಡು ರಾತ್ರಿ ನನಗೆ ನಿದ್ದೆ ಕೊಟ್ಟಿಲ್ಲ. "ಬೆಳಗಿನ ಜಾವ ಆರನೆಯ ಬೆಡ್ಡಿನ ಅಜ್ಜ ತೀರಿಕೊಂಡರು. ನನಗೆ ಏನೂ ಅನಿಸಲಿಲ್ಲ. ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದೆ. ನಾನು ಕಲ್ಲಾಗಿಬಿಟ್ಟೆನೇ ಅತ್ತೆ?"

ಇಡ್ಲಿ ತಿಂದದ್ದಕ್ಕೆ ನೊಂದುಕೊಳ್ಳಬೇಡ. ಹನ್ನೆರಡು ಗಂಟೆ ನಿಂತ ನರ್ಸಿಗೆ ಹಸಿವಾಗುತ್ತದೆ.

ನಿನ್ನ ಅಜ್ಜಿ ಹೋದ ದಿನ ನಾನು ಅಳದೆ ನಿಂತದ್ದು ಮನೆಯವರಿಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಯಾರಿಗೂ ಹೇಳದ ಇನ್ನೊಂದು ಸಂಗತಿಯಿದೆ. ನಾನು ಹೆಂಗಸರ ವಾರ್ಡಿನ ಇನ್‌ಚಾರ್ಜ್ ಆಗಿದ್ದಾಗ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಗೆದ ಬೆಡ್‌ಶೀಟುಗಳ ರಾಶಿಗೆ ಮುಖವೊತ್ತಿ ಅಳುತ್ತಿದ್ದಳು. ಮೂರು ದಿನ ಅವಳೇ ಗಂಜಿ ಕುಡಿಸಿದ್ದ ಬಾಣಂತಿ ತೀರಿಕೊಂಡಿದ್ದಳು. ನಾನು ಬಾಗಿಲಲ್ಲೇ ನಿಂತು, "ಮುಖ ತೊಳೆದುಕೊಂಡು ಬಾ, ಒಂಬತ್ತನೆಯ ಮಂಚದ ಡ್ರಿಪ್ ಮುಗಿಯುತ್ತಿದೆ" ಎಂದೆ. ಬಂದಳು, ಡ್ರಿಪ್ ಬದಲಿಸಿದಳು. ಗಟ್ಟಿಗಿತ್ತಿ ಎಂದು ಮೆಚ್ಚಿಕೊಂಡೆ. ಆರೇಳು ವರ್ಷದ ಮೇಲೆ ಅವಳೇ ಸ್ಟಾಫ್ ನರ್ಸ್ ಆಗಿ ಅದೇ ಬಾಗಿಲಲ್ಲಿ ನಿಂತು, ಇನ್ನೊಬ್ಬ ಹುಡುಗಿಗೆ ನನ್ನದೇ ದನಿಯಲ್ಲಿ "ಮುಖ ತೊಳೆದುಕೊಂಡು ಬಾ" ಎಂದದ್ದು ಕಿವಿಗೆ ಬಿತ್ತು. ಕೈಕಾಲು ತಣ್ಣಗಾದವು.

ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವಾಗ, ಲಂಡನ್ನಿನ ಆಸ್ಪತ್ರೆಯೊಂದರ ಬಗ್ಗೆ ಇಸಾಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ 1960ರಲ್ಲಿ ಬರೆದದ್ದನ್ನು ಓದಿದೆ. ಅಲ್ಲಿಯೂ ರೋಗಿಯನ್ನು ಗುರುತಿಸುತ್ತಿದ್ದದ್ದು ಹೆಸರಿನಿಂದಲ್ಲ, ಮಂಚದ ಸಂಖ್ಯೆಯಿಂದ, ರೋಗದಿಂದ. ಒಬ್ಬಳು ಒಬ್ಬ ರೋಗಿಯ ಬಳಿ ಹೆಚ್ಚು ಹೊತ್ತು ನಿಲ್ಲದಂತೆ ಕೆಲಸವನ್ನು ಚೂರು ಮಾಡಿ ಹಂಚುತ್ತಿದ್ದರು. ದುಃಖ ತಾಗದಿರಲೆಂದು ಹಾಕಿಕೊಂಡ ಬೇಲಿ ಅದು. ಆದರೆ ರೋಗಿ ಗುಣವಾಗಿ ನಗುತ್ತಾ ಮನೆಗೆ ಹೊರಟಾಗ ನಮಗೆ ಸಿಗಬೇಕಾದ ಸಂತೋಷವೂ ಬೇಲಿಯಾಚೆಯೇ ಉಳಿಯುತ್ತದೆ. ಕಲ್ಲಾಗುವುದನ್ನು ನಿಮಗೆ ಕಲಿಸಿದವರು ನಾವೇ, ಪುಟ್ಟಿ.

ಏನೂ ಅನಿಸಲಿಲ್ಲ ಎಂಬ ಮಾತಿಗೇ ಮತ್ತೆ ಬರುತ್ತೇನೆ. ಈ ಬಗೆಯ ಬಳಲಿಕೆಯನ್ನು ಅಳೆಯಲು ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಮನೋವಿಜ್ಞಾನಿಗಳು 1981ರಲ್ಲಿ ಮೂರು ಬಗೆ ಗುರುತಿಸಿದರು: ಮನಸ್ಸು ಬತ್ತಿಹೋಗುವುದು, ಎದುರಿನ ಮನುಷ್ಯ ವಸ್ತುವಿನಂತೆ ಕಾಣುವುದು, ನನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ನಿನ್ನದು ಎರಡನೆಯದೇ ಇರಬೇಕೆಂದು ಹೆದರಿದೆ. ಪತ್ರವನ್ನು ಮತ್ತೆ ಓದಿದೆ. ಅಜ್ಜನ ಕನ್ನಡಕವನ್ನು ಒರೆಸಿ ಮಗಳ ಕೈಗೆ ಕೊಟ್ಟೆ ಎಂದು ಬರೆದಿದ್ದೀಯ. ಒರೆಸಿ ಕೊಡು ಎಂದು ನಿನಗೆ ಯಾರೂ ಹೇಳಿರಲಾರರು. ನೀನು ಬತ್ತಿದ್ದೀಯ ಅಷ್ಟೇ ಎಂದು ನನಗೆ ತೋರುತ್ತದೆ.

ಐಸಿಯುವಿನಲ್ಲಿ ಮೂವರನ್ನು ಒಬ್ಬಳೇ ನೋಡುತ್ತೇನೆ ಎಂದಿದ್ದೀಯ. ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಅವರ ತಂಡ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ಹೇಳಿದ್ದು ಇದು: ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆ ಬಳಲಿಕೆಯ ಸಂಭವ ಶೇ. 23ರಷ್ಟು ಏರುತ್ತದೆ. ಇದೆಲ್ಲವನ್ನೂ ನಿನ್ನ ಎದೆಯ ದೋಷವೆಂದು ಹೊತ್ತುಕೊಳ್ಳಬೇಡ.

ಏನು ಮಾಡಬೇಕೆಂದು ಕೇಳಿದ್ದೀಯ. ಹೇಳಲು ನನಗೆಷ್ಟು ಅರ್ಹತೆಯಿದೆಯೋ ತಿಳಿಯದು. ಸಾಲಾಗಿ ಬರುವ ನೈಟ್ ಡ್ಯೂಟಿಯ ನಡುವೆ ಎರಡು ದಿನ ಬಿಡುವು ಕೇಳಿ ನೋಡು. ಮುಖ ಗಂಟಿಕ್ಕುತ್ತಾರೆ, ನಾನೂ ಗಂಟಿಕ್ಕುತ್ತಿದ್ದೆ, ಆದರೂ ಕೇಳು. ಯಾರಾದರೂ ಹೋದ ದಿನ ಜೊತೆಯವಳೊಬ್ಬಳಿಗೆ ಅವರ ಹೆಸರು ಹಿಡಿದು ಎರಡು ಮಾತು ಹೇಳು. ನಿದ್ದೆಯೇ ಬಾರದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ನಾನು ಸಂಕೋಚಪಟ್ಟೆ.

ಆ ವಿದ್ಯಾರ್ಥಿನಿಯ ಬಳಿ ಕ್ಷಮೆ ಕೇಳಬೇಕೆಂದುಕೊಂಡೇ ನಿವೃತ್ತಿಯಾಯಿತು.

ರಜೆ ಸಿಕ್ಕೊಡನೆ ಬಾ. ಇಲ್ಲಿ ಅಳು ಬಂದರೆ ಅಳು, ಬಾರದಿದ್ದರೆ ಸುಮ್ಮನೆ ಮಲಗು. ಮುಖ ತೊಳೆದುಕೊಂಡು ಬಾ ಎಂದು ನಾನು ಹೇಳುವುದಿಲ್ಲ.

ನಿನ್ನ ಅತ್ತೆ