ಮೂರು ವರ್ಷದ ಹೆಚ್ಚಿನ ಓದು ವ್ಯರ್ಥವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಬೆನ್ನು ಮತ್ತು ಕತ್ತು ನೋವಿನ ಬಗ್ಗೆ ಪ್ರಕಟವಾದ ಬರಹದಲ್ಲಿ, ಬೆನ್ನುಮೂಳೆ ಮತ್ತು ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟಿಕ್ ಪದ್ಧತಿಯ ಪ್ರಸ್ತಾಪವಿತ್ತು. ಆ ವೃತ್ತಿಯೊಳಗೇ ಇರುವ ಒಂದು ಉನ್ನತ ಓದಿನ ಕುರಿತು ಓದುಗರಿಗೆ ತಿಳಿಸಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಧಾರವಾಡದಲ್ಲಿ ಫಿಸಿಯೊಥೆರಪಿಸ್ಟ್. ನನ್ನ ಅಕ್ಕನ ಮಗಳು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕೈರೋಪ್ರಾಕ್ಟಿಕ್ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಪದವಿ ಮುಗಿದ ಕೂಡಲೇ ಕ್ಲಿನಿಕ್ ತೆರೆಯುವ ಬದಲು ಕೈರೋಪ್ರಾಕ್ಟಿಕ್ ರೇಡಿಯಾಲಜಿಯಲ್ಲಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಓದಿ ರೋಗ ಗುರುತಿಸುವ ವಿಭಾಗದಲ್ಲಿ, ಮೂರು ವರ್ಷಗಳ ಪೂರ್ಣಾವಧಿ ರೆಸಿಡೆನ್ಸಿ (ಪದವಿಯ ನಂತರದ ತಜ್ಞ ತರಬೇತಿ) ಮಾಡಲು ಆಕೆ ತೀರ್ಮಾನಿಸಿದ್ದಾಳೆ. ಮನೆಯವರಿಗೆ ಇದು ಸಮಾಧಾನ ತಂದಿಲ್ಲ. ಶಿಕ್ಷಣ ಸಾಲ ತಲೆಯ ಮೇಲಿದೆ, ಜೊತೆಯಲ್ಲಿ ಓದಿದವರು ಸಂಪಾದನೆಗೆ ಇಳಿಯುತ್ತಿದ್ದಾರೆ, ಕೈಯಿಂದ ಮಾಡುವ ಚಿಕಿತ್ಸೆಗೆ ಎಕ್ಸ್‌ರೇ ನೋಡುವ ಓದು ಇಷ್ಟೊಂದು ಏಕೆ ಎಂಬುದು ಅಕ್ಕ, ಭಾವನವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೂ ಹುಡುಗಿಯ ತೀರ್ಮಾನವೇ ಸರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಡಿ. ಡಿ. ಪಾಮರ್ ಎಂಬವರು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಕೈರೋಪ್ರಾಕ್ಟಿಕ್ ಚಿಕಿತ್ಸೆ ಆರಂಭಿಸಿದ್ದು 1895ರ ಸೆಪ್ಟೆಂಬರ್‌ನಲ್ಲಿ ಎಂಬುದು ಆ ವೃತ್ತಿಯವರು ಒಪ್ಪಿಕೊಂಡು ಬಂದಿರುವ ಇತಿಹಾಸ. ಅದೇ ವರ್ಷದ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ರಾಂಟ್ಜನ್ ಕ್ಷ-ಕಿರಣವನ್ನು ಕಂಡುಹಿಡಿದರು. ಪಾಮರ್ ಅವರ ಮಗನ ಕಾಲದಲ್ಲಿ, 1910ರ ಸುಮಾರಿಗೆ, ಡೇವನ್‌ಪೋರ್ಟ್‌ನ ಕೈರೋಪ್ರಾಕ್ಟಿಕ್ ಶಾಲೆಗೆ ಎಕ್ಸ್‌ರೇ ಯಂತ್ರ ಬಂದಿತು. ಆದರೆ ಬೆನ್ನುಮೂಳೆ ಎಲ್ಲಿ ಜರುಗಿದೆ ಎಂದು ತೋರಿಸಿ ಚಿಕಿತ್ಸೆಗೆ ಸಮರ್ಥನೆ ಹುಡುಕಲು ಎಕ್ಸ್‌ರೇ ತೆಗೆಯುವುದು ಒಂದು. ಈ ರೋಗಿಯನ್ನು ನಾನು ಮುಟ್ಟಲೇಬಾರದು ಎಂದು ತಿಳಿದುಕೊಳ್ಳಲು ಎಕ್ಸ್‌ರೇ ಓದುವುದು ಇನ್ನೊಂದು. ಮೊದಲನೆಯದು ಅಲ್ಲಿ ಬಹುಕಾಲ ನಡೆದು ಬಂದಿತು, ಕೆಲವು ಕಡೆ ಈಗಲೂ ನಡೆಯುತ್ತಿದೆ. ಅಕ್ಕನ ಮಗಳು ಕಲಿಯಹೊರಟಿರುವುದು ಎರಡನೆಯದನ್ನು.

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದಾಗ ಆಕೆ ತನ್ನ ಲ್ಯಾಪ್‌ಟಾಪ್ ತೆರೆದು, ಪಾಠಕ್ಕೆಂದು ಕೊಟ್ಟಿದ್ದ ಸೊಂಟದ ಒಂದು ಎಕ್ಸ್‌ರೇಯನ್ನು ನನ್ನ ಮುಂದಿಟ್ಟು, "ಮಾಮಾ, ಇದರೊಳಗ ಏನ್ ತಪ್ಪೈತಿ ಹೇಳ್ರಿ" ಎಂದಳು. ಎದುರಿನಿಂದ ತೆಗೆದ ಚಿತ್ರದಲ್ಲಿ ಬೆನ್ನುಮೂಳೆಯ ಪ್ರತಿ ಮಣಿಯ ಎಡ ಬಲಗಳಲ್ಲಿ ಎರಡು ದುಂಡನೆಯ ಗುರುತುಗಳು ಕಾಣುತ್ತವೆ. ನೋಡಲು ಗೂಬೆಯ ಮುಖದ ಎರಡು ಕಣ್ಣುಗಳಂತೆ. ಆ ಚಿತ್ರದ ಒಂದು ಮಣಿಯಲ್ಲಿ ಒಂದು ಕಣ್ಣು ಇರಲಿಲ್ಲ. ದೇಹದ ಬೇರೆ ಭಾಗದ ಕ್ಯಾನ್ಸರ್ ಮೂಳೆಗೆ ಹರಡಿ ಅಲ್ಲಿನ ಭಾಗವನ್ನು ತಿಂದುಹಾಕಿದಾಗ ಹೀಗಾಗುತ್ತದೆ. ಅಂಥ ಮೂಳೆಯ ಮೇಲೆ ಒತ್ತಡ ಹಾಕಿದರೆ ಅದು ಮುರಿದು ನರಗಳಿಗೆ ಏಟು ಬೀಳಬಹುದು. ಮೂಳೆಯ ಸತ್ವ ಶೇ 30ರಿಂದ 50ರಷ್ಟು ಕರಗುವವರೆಗೂ ಸಾಧಾರಣ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಆದ್ದರಿಂದ ಚಿತ್ರ ಸರಿಯಾಗಿದ್ದರೂ ರೋಗಿಯ ಮಾತಿನ ಮೇಲೆ ಅನುಮಾನ ಬಂದರೆ ಎಂಆರ್‌ಐಗೆ ಕಳಿಸಬೇಕು ಎಂಬುದನ್ನೂ ಅವರು ಅಲ್ಲಿ ಕಲಿಯುತ್ತಾರೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ತಿಂಗಳುಗಟ್ಟಲೆ ಸೊಂಟನೋವೆಂದು ಎಣ್ಣೆ ತಿಕ್ಕಿಸಿಕೊಂಡು, ಉಳುಕು ತೆಗೆಸಿಕೊಂಡು, ಕೊನೆಗೆ ಕಾಲಿನ ಶಕ್ತಿ ಕುಂದಿದ ಮೇಲೆ ಬೆನ್ನುಮೂಳೆಯ ಕ್ಷಯ ಎಂದು ಗೊತ್ತಾದವರನ್ನು ನಾನು ಕಂಡಿದ್ದೇನೆ. ಎರಡು ಮಣಿಗಳ ನಡುವಿನ ಅಂತರ ಕಿರಿದಾಗಿರುವುದನ್ನು, ಅವುಗಳ ಅಂಚು ಸವೆದಿರುವುದನ್ನು ಮೊದಲೇ ಗುರುತಿಸುವ ಕಣ್ಣು ಅವರಿಗೆ ಸಿಕ್ಕಿದ್ದರೆ ಆ ಕಾಲುಗಳು ಉಳಿಯುತ್ತಿದ್ದವು.

ಈ ಓದು ಎಂದರೆ ಎಲ್ಲರಿಗೂ ಎಕ್ಸ್‌ರೇ ತೆಗೆಸುವುದೆಂದು ಯಾರೂ ತಿಳಿಯಬಾರದು. ಅಪಾಯದ ಸೂಚನೆಗಳಿಲ್ಲದ ಹೊಸ ಸೊಂಟನೋವಿಗೆ ಮೊದಲ ಆರು ವಾರ ಚಿತ್ರ ತೆಗೆಸುವ ಅಗತ್ಯವಿಲ್ಲ ಎಂದು ಅಮೆರಿಕದ ಕೈರೋಪ್ರಾಕ್ಟರುಗಳ ರಾಷ್ಟ್ರೀಯ ಸಂಘವೇ 2017ರಲ್ಲಿ ತನ್ನ ಸದಸ್ಯರಿಗೆ ತಿಳಿಸಿತು. ಅದೇ ವರ್ಷ ಅಲ್ಲಿನ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್, ಬೆನ್ನುಮೂಳೆಯ ಕೈಚಿಕಿತ್ಸೆಯಂಥ ಕ್ರಮಗಳನ್ನು ನೋಡಬಹುದೆಂದು ಸೂಚಿಸಿತು. ಚಿಕಿತ್ಸೆಗೆ ಇಷ್ಟು ಒಪ್ಪಿಗೆ ಸಿಕ್ಕಿರುವಾಗ, ಯಾರಿಗೆ ಅದು ಸಲ್ಲದು ಎಂದು ಹೇಳಬಲ್ಲವರು ಆ ವೃತ್ತಿಯಲ್ಲಿ ಹೆಚ್ಚಾಗಬೇಕು.

ಕತ್ತಿನ ವಿಷಯವಂತೂ ಇನ್ನೂ ಸೂಕ್ಷ್ಮ. 2024ರಲ್ಲಿ ಬಳ್ಳಾರಿಯ ಯುವಕರೊಬ್ಬರು ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ವೇಳೆ ಕತ್ತು ತಿರುಗಿಸಿಕೊಂಡು ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿಯನ್ನು ಓದುಗರು ಮರೆತಿರಲಾರರು. ಕತ್ತಿನ ರಕ್ತನಾಳದ ಒಳಪದರ ಸೀಳಿದವರಿಗೆ ಮೊದಲು ಕಾಣಿಸಿಕೊಳ್ಳುವುದು ಬರೀ ಕತ್ತುನೋವು, ತಲೆನೋವು ಆಗಿರಬಹುದು. ಅವರು ಆ ನೋವಿಗೆಂದೇ ಕೈಚಿಕಿತ್ಸಕರ ಬಳಿ ಬರಲೂಬಹುದು. ಸಾಧಾರಣ ಎಕ್ಸ್‌ರೇ ಇದನ್ನು ತೋರಿಸುವುದಿಲ್ಲ. ಹಿಂದೆಂದೂ ಕಾಣದಂಥ ತಲೆನೋವು, ಮಾತಿನ ತೊದಲು, ಕಣ್ಣಿನ ರೆಪ್ಪೆ ಜೋತಿರುವುದು ಇವನ್ನು ಗಮನಿಸಿ, ಕೈ ಹಿಂತೆಗೆದುಕೊಂಡು, ತಕ್ಷಣ ಆಸ್ಪತ್ರೆಗೆ ಕಳಿಸುವ ವಿವೇಕ ಅಲ್ಲಿ ಬೇಕು.

ಹಣದ ಮಾತಿಗೆ ಬಂದರೆ ಅಕ್ಕನ ಆತಂಕ ಸುಳ್ಳಲ್ಲ. ಅಮೆರಿಕದ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್, ಕೈರೋಪ್ರಾಕ್ಟರುಗಳಿಗೆ ಬೆನ್ನುಮೂಳೆಯ ಕೈಚಿಕಿತ್ಸೆಗಷ್ಟೇ ಹಣ ಕೊಡುತ್ತದೆ, ಅವರು ತೆಗೆಸಿದ ಎಕ್ಸ್‌ರೇಗೆ ಕೊಡುವುದಿಲ್ಲ. ರೆಸಿಡೆನ್ಸಿಯಲ್ಲಿ ಸಿಗುವ ವೇತನ ಸ್ವಂತ ಕ್ಲಿನಿಕ್ಕಿನ ಗಳಿಕೆಗೆ ಸಮವಾಗದು. ಆಕೆ ಇಲ್ಲಿಗೆ ಮರಳಿದರೆ ಆ ಅರ್ಹತೆಯ ಮೇಲೆ ರೇಡಿಯಾಲಜಿಸ್ಟ್ ಆಗಿ ವರದಿ ಬರೆಯುವಂತಿಲ್ಲ. ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಪ್ರತ್ಯೇಕ ಶಾಸನಬದ್ಧ ಮಂಡಳಿಯೇ ಇಲ್ಲ. ಇದೆಲ್ಲವನ್ನೂ ತಿಳಿದೇ ಆಕೆ ಈ ದಾರಿ ಹಿಡಿದಿರುವುದರಿಂದ ನನಗೆ ಅವಳ ಮೇಲಿನ ಗೌರವ ಹೆಚ್ಚಾಗಿದೆ. ಸಾಲ ತೀರಲು ಇನ್ನಷ್ಟು ವರ್ಷ ಹಿಡಿಯಬಹುದು. ಅಷ್ಟನ್ನು ನಮ್ಮ ಕುಟುಂಬ ಸಹಿಸಿಕೊಳ್ಳಬಲ್ಲದು.

ನಮ್ಮಲ್ಲಿ ಮಂಡಳಿ ಇಲ್ಲದಿರುವುದರಿಂದಲೇ ಕೆಲವು ದಿನಗಳ ತರಬೇತಿ ಪಡೆದವರೂ ನಗರಗಳಲ್ಲಿ ಬೆನ್ನುಮೂಳೆ ತಜ್ಞರೆಂದು ಫಲಕ ಹಾಕಿಕೊಳ್ಳುವುದು, ಕತ್ತು ಲಟಕ್ಕೆಂದು ಸದ್ದು ಮಾಡುವ ವಿಡಿಯೊಗಳಿಂದ ರೋಗಿಗಳನ್ನು ಸೆಳೆಯುವುದು ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಈ ವೃತ್ತಿಯ ಪೂರ್ಣ ಶಿಕ್ಷಣಕ್ಕೆ ಕನಿಷ್ಠ 4,200 ಗಂಟೆಗಳ ಪಾಠ ಮತ್ತು ಅಭ್ಯಾಸ ಬೇಕು. ರೆಸಿಡೆನ್ಸಿ ಅದರ ಮೇಲಿನದು. ತಮ್ಮ ಪುರವಣಿಯಲ್ಲಿ ಇಂಥ ಚಿಕಿತ್ಸೆಗಳ ಬಗ್ಗೆ ಮುಂದೆ ಬರೆಯುವಾಗ, ಚಿಕಿತ್ಸಕರು ಎಲ್ಲಿ, ಎಷ್ಟು ಕಾಲ ಕಲಿತಿದ್ದಾರೆಂದು ಕೇಳುವಂತೆ ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ. ರಾತ್ರಿ ಮಲಗಿದರೂ ತಗ್ಗದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಕಾಲಿನ ಬಲಹೀನತೆ, ಮೂತ್ರದ ಹತೋಟಿ ತಪ್ಪುವುದು, ಇವುಗಳಲ್ಲಿ ಯಾವುದೊಂದಿದ್ದರೂ ಕೈಚಿಕಿತ್ಸೆಗೆ ಮುನ್ನ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬೇಕೆಂಬ ಸೂಚನೆಯನ್ನೂ ಬರಹದ ಜೊತೆಗೆ ಚೌಕಟ್ಟಿನಲ್ಲಿ ಅಚ್ಚು ಮಾಡಿದರೆ ಬಹಳ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೊಥೆರಪಿಸ್ಟ್, ಧಾರವಾಡ