ಹಗ್ಗ ಎಳೆಯುವ ಮುನ್ನ ಟ್ಯಾಂಕಿನ ತಳ ನೋಡಿ

ಮಾನ್ಯರೇ,

ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. 10 ಅಶ್ವಶಕ್ತಿಗಿಂತ ಹೆಚ್ಚಿನ ಔಟ್‌ಬೋರ್ಡ್ ಎಂಜಿನ್‌ಗಳು (ದೋಣಿಯ ಹೊರಗೆ ತೂಗುಹಾಕುವ ಎಂಜಿನ್‌ಗಳು) 61 ದಿನ ಶೆಡ್ಡಿನಲ್ಲೋ ತಾಡಪಾಲಿನಡಿಯಲ್ಲೋ ಸುಮ್ಮನೆ ಕೂತಿರುತ್ತವೆ. ಆಗಸ್ಟ್ ಮೊದಲ ವಾರದ ಅಲೆಗಳ ನಡುವೆ, ಅಳಿವೆ ಬಾಗಿಲಲ್ಲಿ ಎಂಜಿನ್ ಕೈಕೊಟ್ಟರೆ ಏನಾಗುತ್ತದೆಂದು ಕರಾವಳಿಯವರಿಗೆ ಹೇಳಬೇಕಿಲ್ಲ. ನಿಂತ ಎಂಜಿನ್ ಹೆಚ್ಚಾಗಿ ಕೆಡುವುದು ಎರಡು ಕಡೆ: ಇಂಧನ ಬರುವ ದಾರಿಯಲ್ಲಿ, ತಂಪು ನೀರು ಹರಿಯುವ ದಾರಿಯಲ್ಲಿ. ಎರಡನ್ನೂ ದಡದಲ್ಲೇ ನೋಡಿ ಮುಗಿಸಬಹುದು.

ಮೊದಲು ಟ್ಯಾಂಕ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಮಳೆಗಾಲದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದೂ ಅಲ್ಲೇ. ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹೀಗಾಗಿ ಎಂಜಿನ್ ಮೊದಲು ಕುಡಿಯುವುದು ಆಯಿಲ್ ಇಲ್ಲದ ನೀರುಮಿಶ್ರಿತ ಎಥೆನಾಲನ್ನು. ಸ್ಟಾರ್ಟ್ ಆಗದಿದ್ದರೆ ಅದೃಷ್ಟ ಅನ್ನಿ. ಆಗಿಬಿಟ್ಟರೆ ಪಿಸ್ಟನ್ ಜಾಮ್ ಆಗುವ ಅಪಾಯವಿದೆ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ಎಳೆದು ಕಾಲು ಗಂಟೆ ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಅಥವಾ ಮಸುಕಾಗಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಮೇಲಿನದನ್ನು ಬಸಿದು ಬಳಸುವ ಜಾಣತನ ಬೇಡ. ಎಂಜಿನ್ ಪುಸ್ತಕ ಪೆಟ್ರೋಲ್-ಆಯಿಲ್ ಅನುಪಾತ 50:1 ಎಂದು ಹೇಳಿದ್ದರೆ 10 ಲೀಟರ್ ಹೊಸ ಪೆಟ್ರೋಲಿಗೆ 200 ಮಿ.ಲೀ. ಆಯಿಲ್; ಅದೂ ದೋಣಿ ಎಂಜಿನ್ನಿಗೆಂದೇ ಇರುವ ಟಿಸಿ-ಡಬ್ಲ್ಯೂ3 ದರ್ಜೆಯದು. ಬೈಕಿನ ಆಯಿಲ್ ಅಲ್ಲ. ಸೀಮೆಎಣ್ಣೆ ಎಂಜಿನ್ನನ್ನು ನಿಲ್ಲಿಸುವ ಮುನ್ನ ಪೆಟ್ರೋಲಿಗೆ ಬದಲಿಸದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದಿರುತ್ತದೆ. ಕೆಳಗಿನ ಸ್ಕ್ರೂ ಬಿಚ್ಚಿ ಅದನ್ನು ಹೊರಬಿಡಿ.

ಇಷ್ಟಾದ ಮೇಲೂ ತಕ್ಷಣ ಸ್ಟಾರ್ಟರ್ ಹಗ್ಗ ಜಗ್ಗಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ. ತಿರುಗದಿದ್ದರೆ ರಿಂಗಿಗೆ ತುಕ್ಕು ಹಿಡಿದಿರಬಹುದು. ಒಂದು ರಾತ್ರಿ ಬಿಡಿ, ಬಲ ಹಾಕಬೇಡಿ. ಸಲೀಸಾದ ಮೇಲೆ ಪ್ಲಗ್ ವೈರುಗಳನ್ನು ಎಂಜಿನ್ನಿನ ಲೋಹದ ಮೈಗೆ ಅರ್ಥ್ ಮಾಡಿ, ನಾಲ್ಕಾರು ಸಲ ಎಳೆದು ಹೆಚ್ಚಿನ ಆಯಿಲ್ ಹೊರಹಾಕಿ.

ಸ್ಟಾರ್ಟ್ ಆಗದಿದ್ದರೆ ಮೊದಲು ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಸರಿಯಾಗಿ ಕೂತಿದೆಯೇ ನೋಡಿ. ಕ್ಲಿಪ್ ಮರೆತು ಕಾರ್ಬೊರೇಟರ್ ಬಿಚ್ಚಿದವರು ಕಡಿಮೆಯೇನಿಲ್ಲ. ಆಮೇಲೆ ಪ್ಲಗ್ ತೆಗೆಯಿರಿ. ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿಯದ್ದು ತಕರಾರಿರಬಹುದು. ಒಣಗಿದ್ದರೆ ಇಂಧನವೇ ಬರುತ್ತಿಲ್ಲ. ಕೈಪಂಪಿನ ರಬ್ಬರ್ ಬಲ್ಬ್ ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಪೈಪಿನ ಜೋಡಣೆಯ ಓ-ರಿಂಗಿನಲ್ಲಿ ಗಾಳಿ ಸೇರುತ್ತಿರಬಹುದು. ಓಡುತ್ತಿದ್ದ ಎಂಜಿನ್ ಕೆಲವು ನಿಮಿಷದಲ್ಲಿ ನಿಂತು, ಬಲ್ಬ್ ಚಪ್ಪಟೆಯಾಗಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿಕಿಂಡಿ ತೆರೆದಿಲ್ಲ. ಬಲ್ಬ್ ಒತ್ತುತ್ತಲೇ ಇದ್ದರೆ ಮಾತ್ರ ಓಡುವುದಾದರೆ ಫ್ಯೂಯೆಲ್ ಪಂಪಿನ ಡಯಾಫ್ರಾಮ್ (ತೆಳು ಪೊರೆ) ಗಡುಸಾಗಿರಬಹುದು. ಚೋಕ್ ಎಳೆದಾಗಷ್ಟೇ ಓಡುವುದಾದರೆ ಪೈಲಟ್ ಜೆಟ್ಟಿನಲ್ಲಿ (ಕಾರ್ಬೊರೇಟರಿನ ಸಣ್ಣ ಇಂಧನ ತೂತಿನಲ್ಲಿ) ಒಣಗಿದ ಅಂಟು ಕೂತಿರಬಹುದು. ಕ್ಲೀನರ್ ಹಾಕಿ ಗಾಳಿ ಹೊಡೆಯಿರಿ. ಉಕ್ಕಿನ ತಂತಿ ತೂರಿಸಿದರೆ ತೂತು ಹಿಗ್ಗಿ, ಆಮೇಲೆ ಟ್ಯೂನಿಂಗ್ ಕೂರುವುದೇ ಇಲ್ಲ.

ಇನ್ನು ನೀರು. ನೀರೆಳೆಯುವ ಕಿಂಡಿ ಪೂರ್ತಿ ಮುಳುಗುವಷ್ಟು ಸಿಹಿನೀರಿನ ಡ್ರಮ್ಮಿನಲ್ಲಿಟ್ಟೇ ಎಂಜಿನ್ ಓಡಿಸಿ. ನೀರಿಲ್ಲದೆ ತಿರುಗಿದರೆ ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ರೆಕ್ಕೆಚಕ್ರ) ಕ್ಷಣಗಳಲ್ಲೇ ಸುಟ್ಟೀತು. ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮದಿದ್ದರೆ ಎಂಜಿನ್ ನಿಲ್ಲಿಸಿ, ಮೊದಲು ಆ ತೂತಿಗೆ ತೆಳ್ಳನೆ ಮೀನುನೂಲು ತೂರಿಸಿ ನೋಡಿ. ಅಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು. ಅದೂ ಅಲ್ಲವಾದರೆ ಇಂಪೆಲ್ಲರ್. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಒತ್ತಿಕೊಂಡಿದ್ದ ರೆಕ್ಕೆಗಳು ಮತ್ತೆ ನೆಟ್ಟಗಾಗದಿರಬಹುದು. ಹೊಸದನ್ನು ಕೂರಿಸುವಾಗ ಶಾಫ್ಟನ್ನು ಪ್ರದಕ್ಷಿಣೆಯಾಗಿ ತಿರುಗಿಸುತ್ತ ಪಂಪಿನ ಕವಚ ಒತ್ತಿ, ಶಾಫ್ಟಿನ ಚಿಕ್ಕ ಕೀ ಜಾರದಂತೆ ನೋಡಿಕೊಳ್ಳಿ. ಹಳೆಯದರ ರೆಕ್ಕೆ ಮುರಿದಿದ್ದರೆ ತುಂಡು ಸಿಗುವವರೆಗೆ ಹುಡುಕಲೇಬೇಕು. ಅದು ಥರ್ಮೋಸ್ಟಾಟ್ ಬಳಿ ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಇದ್ದೂ ಎಂಜಿನ್ ವಿಪರೀತ ಬಿಸಿಯಾಗುತ್ತದೆ.

ಗೇರ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಪ್ರೊಪೆಲ್ಲರ್ ಕಳಚಿ ನೋಡಿ; ಅದರ ಹಿಂದೆ ಸುತ್ತಿಕೊಂಡ ಬಲೆಯ ನೈಲಾನ್ ನೂಲು ಸೀಲನ್ನು ಕೊರೆದಿರಬಹುದು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಮೇಲಿನದರಲ್ಲಿ ಬರುವವರೆಗೆ ತುಂಬಿಸಿ, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಡೀಸೆಲ್ ಬೋಟಿನವರು ವಾಟರ್ ಸೆಪರೇಟರ್ ಬಸಿಯುವುದನ್ನೂ ಲೈನಿನ ಗಾಳಿ ತೆಗೆಯುವುದನ್ನೂ ಮರೆಯಬಾರದು. ಚಾರ್ಜ್ ಮಾಡಿಟ್ಟ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿದ್ದರೆ ನಂಬಿ ಹೊರಡಬೇಡಿ.

ಸರ್ಕಾರದಿಂದ ಆಗಬೇಕಾದ ಕೆಲಸವೂ ಒಂದಿದೆ. ಔಟ್‌ಬೋರ್ಡಿನ ಒಳಗೆ ಉಪ್ಪು ಗಟ್ಟಿಯಾಗದಿರಲು ಕಡಲಿಂದ ಬಂದ ಮೇಲೆ ಹತ್ತು ನಿಮಿಷ ಸಿಹಿನೀರು ಹರಿಸಬೇಕು. ಆದರೆ ನಾಡದೋಣಿ ಎಳೆದಿಡುವ ಕಡಲತೀರದಲ್ಲಿ ಕೊಡ ನೀರಿಗೂ ಮನೆಗೆ ಹೋಗಬೇಕಾದ ಸ್ಥಿತಿ ಇರುವ ಕಡೆ, ಮೀನುಗಾರಿಕೆ ಇಲಾಖೆ ಒಂದು ನಲ್ಲಿ, ಒಂದು ಸಿಮೆಂಟ್ ತೊಟ್ಟಿ ಒದಗಿಸಲಿ. ಮುಂದಿನ ನಿಷೇಧ ಶುರುವಾಗುವ ಮೊದಲೇ ಅದು ಆದರೆ ಎಂಜಿನ್‌ಗಳನ್ನು ತೊಳೆದೇ ಎತ್ತಿಡಬಹುದು.

– ಔಟ್‌ಬೋರ್ಡ್ ಮೆಕ್ಯಾನಿಕ್, ಗಂಗೊಳ್ಳಿ