ನೆಹರೂ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಮಗಳೇ,

ಒಬ್ಬರು ನೆಹರೂ ಅವರನ್ನು ದೇವರ ಹಾಗೆ ಹೊಗಳುತ್ತಾರೆ, ಇನ್ನೊಬ್ಬರು ದೇಶದ ಎಲ್ಲ ತಾಪತ್ರಯಕ್ಕೂ ಅವರೇ ಕಾರಣ ಅನ್ನುತ್ತಾರೆ, ಯಾರನ್ನು ನಂಬಲಿ ಅಂತ ಕೇಳಿದ್ದೀಯ. ಸದ್ಯಕ್ಕೆ ಇಬ್ಬರನ್ನೂ ಪಕ್ಕಕ್ಕಿಡು. ನೆಹರೂ ಅವರೇ ಬರೆದದ್ದು ರಾಶಿ ರಾಶಿ ಇದೆ, ಮೊದಲು ಅದನ್ನು ಓದು.

ಮಗಳಿಗೆ ಬರೆದ ಪತ್ರಗಳು ನಿನಗೆ ಗೊತ್ತೇ ಇವೆ. 1928ರ ಬೇಸಿಗೆಯಲ್ಲಿ ಹತ್ತು ವರ್ಷದ ಇಂದಿರಾ ಮಸ್ಸೂರಿಯಲ್ಲಿದ್ದರು, ಅಪ್ಪ ಅಲಹಾಬಾದಿನಲ್ಲಿ. ಆಮೇಲೆ 1930ರಿಂದ 1933ರ ನಡುವೆ ಪ್ರಪಂಚದ ಇತಿಹಾಸವನ್ನೇ ಪತ್ರಗಳಾಗಿ ಬರೆದರು, ಹೆಚ್ಚಿನವು ಜೈಲಿನಿಂದ. ನೈನಿ ಜೈಲಿನಿಂದ ಹುಟ್ಟುಹಬ್ಬಕ್ಕೆ ಬರೆದ ಪತ್ರದಲ್ಲಿ, ಗುಟ್ಟಾಗಿ ಏನೂ ಮಾಡಬೇಡ, ಮುಚ್ಚಿಡಬೇಕು ಅನ್ನಿಸುವಂಥದ್ದನ್ನು ಮಾಡಲೇಬೇಡ ಅನ್ನುತ್ತಾರೆ. ನನಗೆ ತುಂಬ ಇಷ್ಟ ಆ ಪತ್ರ. ಆದರೆ ಅಲ್ಲಿ ಕಾಣುವುದು ಬರೀ ಅಪ್ಪ. ಮಗಳ ಮುಂದೆ ಯಾವ ಅಪ್ಪನೂ ತನ್ನ ಅಳುಕನ್ನೆಲ್ಲ ಹೇಳಿಕೊಳ್ಳುವುದಿಲ್ಲ, ಅಲ್ವಾ?

ಅದಕ್ಕೇ ನೀನು 1937ರಿಂದ ಶುರು ಮಾಡು. ಆಗ ಅವರು ಕಾಂಗ್ರೆಸ್ ಅಧ್ಯಕ್ಷರು. ಹೋದಲ್ಲೆಲ್ಲ ಜನಸಾಗರ, ಜೈಕಾರ. ಆ ನವೆಂಬರ್‌ನಲ್ಲಿ ಕಲ್ಕತ್ತಾದ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ‘ಚಾಣಕ್ಯ’ ಅನ್ನುವ ಹೆಸರಿನಲ್ಲಿ ಒಂದು ಲೇಖನ ಬಂತು. ಈ ಜವಾಹರಲಾಲ್ ಬಗ್ಗೆ ಹುಷಾರಾಗಿರಿ, ಇವರಲ್ಲಿ ಅಹಂಕಾರ ಜಾಸ್ತಿ, ತಾಳ್ಮೆ ಕಡಿಮೆ, ಸ್ವಲ್ಪ ಆಚೀಚೆ ಆದರೆ ಸರ್ವಾಧಿಕಾರಿ ಆಗಿಬಿಡಬಹುದು, ಮತ್ತೆ ಅಧ್ಯಕ್ಷರಾಗಿ ಆರಿಸಬೇಡಿ, ನಮಗೆ ಸೀಸರ್‌ಗಳು ಬೇಡ ಅನ್ನುವುದು ಅದರ ಸಾರ. ಬರೆದದ್ದು ಬೇರೆ ಯಾರೂ ಅಲ್ಲ, ನೆಹರೂ ಅವರೇ!

ತನ್ನನ್ನೇ ಬೈದುಕೊಳ್ಳುವುದರಲ್ಲೂ ಒಂದು ಸುಖ ಇರಬಹುದು. ಆ ಲೇಖನದಲ್ಲಿ ಅದರ ವಾಸನೆ ಸ್ವಲ್ಪ ಇದೆ ಅಂತ ನನಗೆ ಅನ್ನಿಸುತ್ತದೆ. ಆದರೂ ಜನರ ಚಪ್ಪಾಳೆ ತನ್ನನ್ನು ಏನು ಮಾಡಬಹುದು ಅಂತ ಅವರಿಗೆ ಗೊತ್ತಿತ್ತು, ಅದಕ್ಕೆ ಹೆದರಿದ್ದರು ಕೂಡ. ಪ್ರಧಾನಿ ಆಗುವುದಕ್ಕೆ ಹತ್ತು ವರ್ಷ ಮುಂಚಿನ ಮಾತಿದು. ಯಾವ ಭಾಷಣದಲ್ಲೂ ನನಗೆ ಈ ಮನುಷ್ಯ ಇಷ್ಟು ಹತ್ತಿರದಿಂದ ಕಂಡಿಲ್ಲ.

ಇನ್ನು ಬೇರೆಯವರು ಅವರಿಗೆ ಬರೆದದ್ದು. 1939ರ ಮಾರ್ಚ್‌ನಲ್ಲಿ ಸುಭಾಷ್‌ಚಂದ್ರ ಬೋಸರು ಒಂದು ಉದ್ದನೆಯ ಪತ್ರ ಬರೆದರು. ಪೂರ್ತಿ ಸಿಟ್ಟು. ಕೆಲವು ದಿನಗಳಿಂದ ನಿಮಗೆ ನನ್ನ ಮೇಲೆ ವಿಪರೀತ ಅಸಮಾಧಾನ ಅಂತಲೇ ಶುರು ಮಾಡಿ, ಒಂದೊಂದೇ ಆರೋಪ ಎತ್ತಿ ಕೇಳುತ್ತಾರೆ. ಈ ಪತ್ರ ಹೊರಗೆ ಬಂದದ್ದು ಹೇಗೆ ಗೊತ್ತಾ? 1958ರಲ್ಲಿ, ಪ್ರಧಾನಿಯಾಗಿದ್ದಾಗಲೇ, ನೆಹರೂ ತಮಗೆ ಬಂದ ಹಳೆಯ ಪತ್ರಗಳ ಪುಸ್ತಕ ತಂದರು. ಅದರಲ್ಲಿ ಇದನ್ನೂ ಸೇರಿಸಿದರು.

ಗಾಂಧೀಜಿಗೆ 1945ರ ಅಕ್ಟೋಬರ್‌ನಲ್ಲಿ ಬರೆದ ಉತ್ತರವನ್ನೂ ನೋಡು. ಹಳ್ಳಿಯೇ ಸತ್ಯ, ಅಹಿಂಸೆಯ ನೆಲೆ ಅನ್ನುವ ಗಾಂಧೀಜಿಯ ಮಾತನ್ನು ಒಪ್ಪುವುದಿಲ್ಲ ಅಂತ ನೆಹರೂ ನೇರವಾಗಿಯೇ ಬರೆದರು. ಹಳ್ಳಿ ಬುದ್ಧಿಯಲ್ಲೂ ಸಂಸ್ಕೃತಿಯಲ್ಲೂ ಹಿಂದುಳಿದದ್ದು ಅಂದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಹಳ್ಳಿಯವರ ತಿಳಿವಳಿಕೆಯನ್ನು ಅವರು ಸರಿಯಾಗಿ ಅಳೆಯಲಿಲ್ಲ. ಆದರೆ ಮುಂದೆ ಅವರು ಕಟ್ಟಿದ ದೊಡ್ಡ ಅಣೆಕಟ್ಟು, ಕಾರ್ಖಾನೆಗಳ ಬೇರು ಎಲ್ಲಿತ್ತು ಅಂತ ಈ ಪತ್ರದಲ್ಲಿ ಗೊತ್ತಾಗುತ್ತದೆ.

ಮುಖ್ಯಮಂತ್ರಿಗಳಿಗೆ 1947ರ ಅಕ್ಟೋಬರ್‌ನಿಂದ 1963ರವರೆಗೆ, ಸುಮಾರು ಹದಿನೈದು ದಿನಕ್ಕೊಂದರಂತೆ ಬರೆದ ಪತ್ರಗಳು ಐದು ಸಂಪುಟ ಆಗಿವೆ. ಎಲ್ಲವನ್ನೂ ಓದಬೇಕಿಲ್ಲ. ಮೊದಲ ಕೆಲವು ಸಾಕು, ಆಮೇಲೆ 1962ರ ಚೀನಾ ಯುದ್ಧದ ಹೊತ್ತಿನವು. ಹೊಗಳುವವರೂ ಬೈಯುವವರೂ ಇವನ್ನು ಓದಿದ್ದು ಕಡಿಮೆ.

ಬೋಸರ ಪತ್ರ ಓದಿದ ಮೇಲೆ, ಏಪ್ರಿಲ್ 3ರಂದು ನೆಹರೂ ಕೊಟ್ಟ ಉತ್ತರವನ್ನು ಬಿಡಬೇಡ. ಇಬ್ಬರಲ್ಲಿ ಯಾರ ಮಾತು ಸರಿ ಅಂತ ನನಗೆ ಬರಿ. ನನ್ನ ಅಭಿಪ್ರಾಯ ಈಗಲೇ ಹೇಳುವುದಿಲ್ಲ.

ನಿನ್ನ ಅಪ್ಪ